ಬೆರಳಿಲ್ಲದ ಕೈಗವಸು: ಅಜ್ಜಿಯ ಲೆಕ್ಕ, ಅಜ್ಜನ ಹೆಣಿಗೆ

ಗದಗ ಸೀಮೆಯ ಚಳಿ ಕೊಡಗಿನ ಚಳಿಯಂಥದಲ್ಲ. ಇಲ್ಲಿ ಬಿಸಿಲು ಏರಿತೆಂದರೆ ಸ್ವೆಟರ್ ಭಾರವಾಗುತ್ತದೆ. ಆದರೆ ಡಿಸೆಂಬರ್, ಜನವರಿಯ ನಸುಕಿನಲ್ಲಿ ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸತೊಡಗಿದರೆ ಮೊದಲು ಸೆಟೆಯುವುದು ಕೈಬೆರಳು. ಹಾಲು ಹಿಂಡುವವರು, ಪೇಪರ್ ಹಾಕುವ ಹುಡುಗರು, ನಸುಕಿನಲ್ಲೆದ್ದು ಓದಲು ಕೂಡುವ ಮಕ್ಕಳು, ಒಲೆಯ ಮುಂದೆ ಕೂಡುವ ಮುದುಕಿಯರು ಎಲ್ಲರದೂ ಒಂದೇ ಮಾತು: ‘ಮೈಗೇನೋ ಹೊದ್ಕೋಬಹುದು, ಕೈ ಏನ ಮಾಡೂದು?’

ಪೂರ್ತಿ ಬೆರಳಿನ ಕೈಗವಸು ಹಾಕಿಕೊಂಡರೆ ಪೆನ್ನು ಹಿಡಿಯಲಾಗದು, ಪುಸ್ತಕದ ಹಾಳೆ ತಿರುವಲಾಗದು, ಬಟಾಣಿ ಸುಲಿಯಲಾಗದು. ಹಾಕಿಕೊಳ್ಳದಿದ್ದರೆ ಚಳಿ. ಇವೆರಡರ ನಡುವಿನ ದಾರಿಯೇ ಬೆರಳಿಲ್ಲದ ಕೈಗವಸು. ಮಣಿಕಟ್ಟಿನಿಂದ ಹಿಡಿದು ಬೆರಳಿನ ಬುಡದವರೆಗೆ ಕೈಯನ್ನು ಬೆಚ್ಚಗೆ ಇಡುತ್ತದೆ. ಬೆರಳುಗಳನ್ನು ಅವುಗಳ ಕೆಲಸಕ್ಕೆ ಬಿಡುತ್ತದೆ. ಐವತ್ತು ಗ್ರಾಂ ಉಲ್ಲನ್, ಎರಡು ಸೂಜಿ, ಒಂದು ವಾರದ ಸಂಜೆಗಳು ಇದ್ದರೆ ಮನೆಯಲ್ಲೇ ಒಂದು ಜೋಡಿ ಆಗುತ್ತದೆ. ಬರೀ ಗಟ್ಟಿ ಹೆಣಿಗೆಯಲ್ಲ, ತೂತುತೂತಾದ ಜಾಲರಿ ಹೆಣಿಗೆಯಲ್ಲಿ ಅದನ್ನು ಹೆಣೆಯುವ ಬಗೆಯನ್ನು ಈ ಲೇಖನದಲ್ಲಿ ಹೇಳುತ್ತೇನೆ. ಮಕ್ಕಳೇ, ಅಜ್ಜ ಅಜ್ಜಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿ. ಒಬ್ಬರು ಓದಬೇಕು, ಇನ್ನೊಬ್ಬರು ಹೆಣೆಯಬೇಕು. ನಮ್ಮ ಮನೆಯಲ್ಲಿ ಹಾಗೆಯೇ ಆಗುವುದು.

ಬ್ಯಾಂಕಿನವನಿಗೆ ಇದು ಯಾಕೆ?

ನಾನು ಮಲ್ಲಸಮುದ್ರದವನು. ಗದಗದಿಂದ ಮುಳಗುಂದದ ರಸ್ತೆಯಲ್ಲಿ ಬಂದರೆ ನಮ್ಮೂರು. ಈಗ ವೈದ್ಯಕೀಯ ಕಾಲೇಜು ಇರುವುದರಿಂದ ಊರಿನ ಹೆಸರು ಎಲ್ಲರ ಬಾಯಲ್ಲಿದೆ. ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿ ಸೇರಿ, ಕ್ಲಾರ್ಕ್ ಆಗಿಯೇ ನಿವೃತ್ತನಾದೆ. ಕೈಗೆ ಪೆನ್ನು, ಲೆಡ್ಜರು ಬಿಟ್ಟರೆ ಬೇರೆ ಉಪಕರಣ ಗೊತ್ತಿರಲಿಲ್ಲ. ಹೆಣಿಗೆ ನಮ್ಮ ಮನೆಯವರ ಕೆಲಸ. ನಲವತ್ತು ವರ್ಷ ಅವರು ಹೆಣೆದರು. ಮಕ್ಕಳ ಕುಲಾಯಿ, ಕಾಲುಚೀಲ, ನನ್ನ ತೋಳಿಲ್ಲದ ಸ್ವೆಟರ್, ನೆರೆಮನೆಯ ಕೂಸುಗಳ ಅಂಗಿ ಎಲ್ಲ ಅವರ ಕೈಯವೇ. ಒಂದನ್ನೂ ನೋಡಿ ಹೆಣೆದದ್ದಲ್ಲ, ಒಂದನ್ನೂ ಬರೆದಿಟ್ಟದ್ದಲ್ಲ. ಚಿಕ್ಕವರಿದ್ದಾಗ ಅವರ ದೊಡ್ಡವ್ವ ಸೈಕಲ್ಲಿನ ಕಡ್ಡಿಗಳನ್ನು ತಿಕ್ಕಿ ಸೂಜಿ ಮಾಡಿಕೊಟ್ಟು ಕಲಿಸಿದ್ದಂತೆ. ವಿನ್ಯಾಸವೆಲ್ಲ ಬೆರಳಿನಲ್ಲೇ ಇತ್ತು.

ಆ ಬೆರಳುಗಳಿಗೇ ಕೀಲುಬೇನೆ ಹತ್ತಿತು. ವೈದ್ಯರು ಸಂಧಿವಾತ ಎಂದರು. ಇದು ಬರೀ ವಯಸ್ಸಿನ ನೋವಲ್ಲ. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುತ್ತದೆ. ಬೆಳಗ್ಗೆ ಎದ್ದಾಗ ಬೆರಳು ಮಡಚುವುದಿಲ್ಲ; ಸಡಿಲಾಗಲು ಗಂಟೆ, ಎರಡು ಗಂಟೆ ಬೇಕು. ಔಷಧ ನಡೆದಿದೆ. ಆದರೆ ಬಾಗಿದ ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಮೊದಲು ರೊಟ್ಟಿ ಬಡಿಯುವುದು ನಿಂತಿತು, ಆಮೇಲೆ ಸೂಜಿ ಹಿಡಿಯುವುದು.

ಮಗ ಪೇಟೆಯಿಂದ ಐದು ಬೆರಳಿನ ಗವಸು ತಂದುಕೊಟ್ಟ. ಒಂದೊಂದು ಬಾಗಿದ ಬೆರಳನ್ನು ಒಂದೊಂದು ಸಂದಿಯಲ್ಲಿ ತೂರಿಸುವುದೇ ಒಂದು ನೋವು. ಎರಡು ದಿನ ನೋಡಿ ನಮ್ಮ ಮನೆಯವರು ಹೇಳಿದರು: “ರೀ, ಇದು ನನಗ ಹಾಕ್ಕೊಳ್ಳಾಕ ಆಗಂಗಿಲ್ಲ. ಬೆರಳ ಬಿಟ್ಟು ಹೆಣದ್ರ ಸುಮ್ನ ಏರಸಬಹುದು. ನಾ ಹೇಳ್ತೀನಿ, ನೀವು ಹೆಣೀರಿ.”

ಹೀಗೆ ಎಪ್ಪತ್ತು ದಾಟಿದ ಮೇಲೆ ನನ್ನ ಕೈಗೆ ಸೂಜಿ ಬಂತು. ಅವರು ಮಂಚದ ಮೇಲೆ ಕುಳಿತು ಹೇಳುವುದು, ನಾನು ಹೆಣೆಯುವುದು, ಏಳನೆಯ ತರಗತಿಯ ಮೊಮ್ಮಗಳು ನೋಟುಬುಕ್ಕಿನಲ್ಲಿ ಬರೆಯುವುದು. ಬೆಚ್ಚನೆಯ ಕೈ ಒಂದು ಲಾಭ. ಇನ್ನೊಂದು ಲಾಭ ಅದಕ್ಕಿಂತ ದೊಡ್ಡದು. ನಲವತ್ತು ವರ್ಷ ಬೆರಳಿನಲ್ಲಿದ್ದದ್ದು ಕಾಗದಕ್ಕೆ ಇಳಿಯಿತು. ಇಳಿಯದಿದ್ದರೆ ಅದು ಅವರ ಬೆರಳಿನಲ್ಲೇ ಮುಗಿದುಹೋಗುತ್ತಿತ್ತು.

ನೇಯ್ಗೆ ಬೇರೆ, ಹೆಣಿಗೆ ಬೇರೆ

ನಮ್ಮ ಪಕ್ಕದ ಬೆಟಗೇರಿ ನೇಕಾರಿಕೆಗೆ ಹೆಸರಾದ ಊರು. ಅಲ್ಲಿನ ಮಗ್ಗ ನೋಡಿದ ಮಕ್ಕಳಿಗೆ ಗೊತ್ತು: ಉದ್ದಕ್ಕೆ ಹಾಸು ಎಳೆ, ಅಡ್ಡಕ್ಕೆ ಹೊಕ್ಕು ಎಳೆ. ಲಾಳಿ ಆಚೆ ಈಚೆ ಓಡಿದಂತೆ ಬಟ್ಟೆ ಬೆಳೆಯುತ್ತದೆ. ಕಂಬಳಿಯೂ ಹಾಗೆಯೇ. ಕುರಿಯ ತುಪ್ಪಳ ಕತ್ತರಿಸಿ, ಹಿಂಜಿ, ಹೆಂಗಸರು ನೂಲು ತೆಗೆಯುತ್ತಾರೆ. ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಾರೆ. ಹಾಸಿನ ಎಳೆ ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಸವರುತ್ತಾರೆ. ನಮ್ಮ ಕಡೆಯ ದಖ್ಖನಿ ಕುರಿಯ ತುಪ್ಪಳ ಒರಟು, ಹೆಚ್ಚಾಗಿ ಕಪ್ಪು. ಮಳೆಗೂ ಚಳಿಗೂ ಬಗ್ಗದ ಕಂಬಳಿಗೆ ಅದೇ ಸರಿ. ಕುರಿ ಕಾಯುವವರು ಅದೇ ಕಂಬಳಿಯನ್ನು ಮಡಚಿ ತಲೆಗೆ ಕೊಪ್ಪೆ ಮಾಡಿಕೊಳ್ಳುತ್ತಾರೆ, ಹಾಸುತ್ತಾರೆ, ಹೊದೆಯುತ್ತಾರೆ.

ಹೆಣಿಗೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ಒಂದು ದಾರ. ಅದು ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯಾಗಿ ಸಾಲುಸಾಲಾಗಿ ಏರುತ್ತದೆ. ಕುಣಿಕೆ ಅಗಲವಾಗಬಲ್ಲದು, ಮತ್ತೆ ಕೂಡಬಲ್ಲದು. ಅದಕ್ಕೇ ಹೆಣೆದ ಬಟ್ಟೆ ಹಿಗ್ಗುತ್ತದೆ, ಕೈಕಾಲಿಗೆ ಅಂಟಿಕೊಂಡು ಕೂಡುತ್ತದೆ. ಗವಸು, ಕಾಲುಚೀಲ, ಟೊಪ್ಪಿಗೆಗೆ ಹೆಣಿಗೆಯೇ ಆಗಬೇಕಾದದ್ದು ಇದಕ್ಕೆ. ಇನ್ನೊಂದು ಗುಣವೂ ಉಂಟು. ಒಂದೇ ದಾರವಾದ್ದರಿಂದ ತುದಿ ಹಿಡಿದು ಎಳೆದರೆ ಇಡೀ ಬಟ್ಟೆ ಬಿಚ್ಚಿ ಮತ್ತೆ ಉಂಡೆಯಾಗುತ್ತದೆ. ಚಿಕ್ಕದಾದ ಸ್ವೆಟರ್ ಬಿಚ್ಚಿ ತಮ್ಮನಿಗೆ ಟೊಪ್ಪಿಗೆ ಹೆಣೆಯುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ.

ಈಗ ಉಳಿದಿರುವ ತೀರ ಹಳೆಯ ಹೆಣಿಗೆಯ ತುಂಡುಗಳಲ್ಲಿ ಕೆಲವು ಈಜಿಪ್ಟಿನವು. ಸುಮಾರು 11ರಿಂದ 14ನೆಯ ಶತಮಾನದ ಕಾಲುಚೀಲಗಳು. ಅವು ಉಣ್ಣೆಯವಲ್ಲ, ನೀಲಿ ಬಿಳಿ ಹತ್ತಿಯ ನೂಲಿನವು. ಹತ್ತಿ ಬೆಳೆಯುವ ನೆಲದವರಾದ ನಮಗೆ ಇದನ್ನು ಕೇಳಿದರೆ ಖುಷಿಯಲ್ಲವೇ? ನಮ್ಮ ದೇಶದಲ್ಲಿ ಉಲ್ಲನ್ ಹೆಣಿಗೆ ಮನೆಮನೆಗೆ ಹರಡಿದ್ದು 19ನೆಯ ಶತಮಾನದಲ್ಲಿ, ಯುರೋಪಿನ ಮಿಷನರಿಗಳು ಮತ್ತು ಬ್ರಿಟಿಷ್ ಅಧಿಕಾರಿಗಳ ಹೆಂಗಸರ ಮೂಲಕ. ಬಾಸೆಲ್ ಮಿಷನ್ ಬೆಟಗೇರಿಗೆ ಬಂದದ್ದು 1840ರ ದಶಕದಲ್ಲಿ. ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು, ಬರಹದ ಜೊತೆ ಸೂಜಿಯ ಕೆಲಸವೂ ಪಾಠವಾಗಿತ್ತು. ಹೀಗೆ ಶಾಲೆಯಿಂದ ಮನೆಗೆ, ಮನೆಯಿಂದ ನೆರೆಮನೆಗೆ ಹೆಣಿಗೆ ನಡೆದುಬಂತು.

ಗಂಡಸರು ಹೆಣೆಯಬಾರದೇ?

ನಾನು ಕಟ್ಟೆಯ ಮೇಲೆ ಸೂಜಿ ಹಿಡಿದು ಕುಳಿತಾಗ ಮೊದಮೊದಲು ಹೋಗುವವರು ಬರುವವರು ನಕ್ಕರು. ಅವರಿಗೆ ನಾನು ಎರಡು ಕಥೆ ಹೇಳಿದೆ. ಮಕ್ಕಳಿಗೂ ಹೇಳುತ್ತೇನೆ.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಟಿಟಿಕಾಕಾ ಎಂಬ ದೊಡ್ಡ ಸರೋವರ. ಅದರೊಳಗೆ ಟಾಕಿಲೆ ಎಂಬ ನಡುಗಡ್ಡೆ. ಅಲ್ಲಿ ಹೆಂಗಸರು ಮಗ್ಗದಲ್ಲಿ ನೇಯುತ್ತಾರೆ, ಗಂಡಸರು ಟೊಪ್ಪಿಗೆ ಹೆಣೆಯುತ್ತಾರೆ. ಗಂಡುಹುಡುಗರು ಚಿಕ್ಕವರಿದ್ದಾಗಲೇ ಸೂಜಿ ಹಿಡಿಯುತ್ತಾರೆ. ನಡೆಯುತ್ತಲೂ ಹೆಣೆಯುವವರಿದ್ದಾರೆ. ಅವರ ಈ ಜವಳಿ ಕಲೆಯನ್ನು ಮಾನವಕುಲದ ಪರಂಪರೆ ಎಂದು ಯುನೆಸ್ಕೊ 2005ರಲ್ಲಿ ಸಾರಿತು.

ಎರಡನೆಯದು ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನದು. 1589ರಲ್ಲಿ ಆತ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ರಾಣಿ ಒಂದನೆಯ ಎಲಿಜಬೆತ್ ಅದಕ್ಕೆ ಹಕ್ಕುಪತ್ರ ಕೊಡಲಿಲ್ಲ. ಕೈಯಿಂದ ಹೆಣೆದು ಬದುಕುವ ತನ್ನ ಬಡ ಪ್ರಜೆಗಳ ಹೊಟ್ಟೆಯ ಮೇಲೆ ಹೊಡೆದಂತಾದೀತು ಎಂಬುದು ಅವಳ ಚಿಂತೆಯಾಗಿತ್ತೆಂದು ಹೇಳುತ್ತಾರೆ. ಆದರೂ ಯಂತ್ರ ನಿಲ್ಲಲಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ಬನಿಯನ್, ಕಾಲುಚೀಲ, ಟಿ ಶರ್ಟು ಎಲ್ಲ ಆ ಯಂತ್ರದ ಮರಿಮಕ್ಕಳ ಕೆಲಸ. ವಿದ್ಯುತ್ ಮಗ್ಗ ಬಂದಾಗ ಕೈಮಗ್ಗದವರ ಪಾಡು ಏನಾಯಿತೆಂಬುದು ನಮ್ಮ ಭಾಗದವರಿಗೆ ಹೊಸದಲ್ಲ.

ಈ ಕಥೆಗಳನ್ನು ಕೇಳಿದ ಮೇಲೆ ನಕ್ಕವರಲ್ಲಿ ಇಬ್ಬರು ನಿವೃತ್ತರು ಈಗ ನನ್ನ ಪಕ್ಕದಲ್ಲೇ ಕೂಡುತ್ತಾರೆ. ಒಬ್ಬರು ಮಫ್ಲರ್ ಮುಗಿಸಿದ್ದಾರೆ.

ಮಲ್ಲಸಮುದ್ರಕ್ಕೆ ಬಂದ ಅಲೆ

ನಮ್ಮ ಮನೆಯವರು ಹೇಳಿಕೊಟ್ಟ ಜಾಲರಿ ಹೆಣಿಗೆಗೆ ಅವರಿಟ್ಟ ಹೆಸರು ‘ಅಲಿ ಡಿಜೈನು’. ತೂತುಗಳು ಸಾಲಾಗಿ ಮೇಲೆ ಕೆಳಗೆ ಬಾಗುತ್ತ ನೀರಿನ ತೆರೆಯಂತೆ ಕಾಣುತ್ತವೆ. ಹೆಣಿಗೆಯ ಪುಸ್ತಕದಲ್ಲಿ ನೋಡಿದರೆ ಅದೇ ಲೆಕ್ಕ, ಅದೇ ಸಾಲು. ಸ್ಕಾಟ್ಲೆಂಡಿನ ಉತ್ತರಕ್ಕೆ ಕಡಲ ನಡುವೆ ಶೆಟ್ಲೆಂಡ್ ಎಂಬ ನಡುಗಡ್ಡೆಗಳಿವೆ. ಅಲ್ಲಿನ ಹೆಂಗಸರ ಹಳೆಯ ವಿನ್ಯಾಸ ಇದು. ಇಂಗ್ಲಿಷಿನಲ್ಲಿ ‘ಓಲ್ಡ್ ಶೇಲ್’ ಎನ್ನುತ್ತಾರೆ. ಶೇಲ್ ಎಂದರೆ ಅವರ ಆಡುಮಾತಿನಲ್ಲಿ ಕಡಲ ಚಿಪ್ಪು ಎಂದು ಹೇಳುವುದುಂಟು. ಅಲ್ಲಿಯವರು ಹೆಣೆಯುವ ಜಾಲರಿ ಶಾಲುಗಳಲ್ಲಿ ತೀರ ನಯವಾದವನ್ನು ಬೆರಳಿನ ಉಂಗುರದೊಳಗಿಂದ ಎಳೆಯಬಹುದು. ಅದಕ್ಕೇ ಅವುಗಳಿಗೆ ಉಂಗುರದ ಶಾಲು ಎಂಬ ಹೆಸರು.

ಮೊಮ್ಮಗಳು ಇದನ್ನು ಕೇಳಿ ಹೇಳಿದಳು: “ಅಜ್ಜಾ, ನಮ್ಮೂರ ಹೆಸರಿನ್ಯಾಗ ಸಮುದ್ರ ಐತಿ, ಅಲಿ ಮಾತ್ರ ಇರ್ಲಿಲ್ಲ. ಈಗ ಬಂತು ನೋಡು.” ನಮ್ಮ ನಾಡಿನಲ್ಲಿ ದೊಡ್ಡ ಕೆರೆಯನ್ನು ಸಮುದ್ರ ಎಂದು ಕರೆದು, ಊರಿಗೂ ಅದೇ ಹೆಸರಿಡುವ ರೂಢಿ ಹಳೆಯದು. ಕಡಲಿಗೆ ಇಷ್ಟು ದೂರವಿದ್ದೂ ನಮ್ಮ ಬಯಲುಸೀಮೆಯಲ್ಲಿ ಅಷ್ಟೊಂದು ಸಮುದ್ರಗಳು ಇರುವುದು ಹಾಗೆ.

ಜಾಲರಿ ಎಂದರೆ ನಮಗೆ ಹೊಸದೇನಲ್ಲ. ಐಹೊಳೆ, ಪಟ್ಟದಕಲ್ಲಿನ ಗುಡಿಗಳ ಜಾಲಂಧ್ರಗಳನ್ನು ನೆನೆಸಿಕೊಳ್ಳಿ. ಕಲ್ಲಿನಲ್ಲಿ ತೂತು ಕೊರೆದು ಬೆಳಕು, ಗಾಳಿ ಬರಮಾಡಿದ್ದಾರೆ. ಅಲ್ಲಿ ಕಲ್ಲನ್ನು ತೆಗೆದು ತೂತು ಮಾಡಿದರು. ಹೆಣಿಗೆಯಲ್ಲಿ ಏನನ್ನೂ ತೆಗೆಯುವುದಿಲ್ಲ, ಕತ್ತರಿಸುವುದಿಲ್ಲ. ದಾರವನ್ನು ಒಂದು ಸುತ್ತು ಹೆಚ್ಚು ಹಾಕಿದರೆ ಅಲ್ಲೇ ತೂತು ಹುಟ್ಟುತ್ತದೆ.

ಜಮಾ ಖರ್ಚಿನ ಲೆಕ್ಕ

ಇಲ್ಲಿಯೇ ಬ್ಯಾಂಕಿನವನ ಬುದ್ಧಿ ಕೆಲಸಕ್ಕೆ ಬಂದದ್ದು. ಜಾಲರಿ ಹೆಣಿಗೆ ಎಂದರೆ ಹೆದರಬೇಕಿಲ್ಲ, ಅದು ಜಮಾ ಖರ್ಚಿನ ಪುಸ್ತಕ. ಸೂಜಿಯ ಮೇಲೆ ದಾರ ಸುತ್ತಿದರೆ ಒಂದು ಕುಣಿಕೆ ಹೆಚ್ಚುತ್ತದೆ. ಅದು ಜಮಾ. ಎರಡು ಕುಣಿಕೆ ಕೂಡಿಸಿ ಒಂದಾಗಿ ಹೆಣೆದರೆ ಒಂದು ಕಡಿಮೆಯಾಗುತ್ತದೆ. ಅದು ಖರ್ಚು. ಒಂದು ಸಾಲಿನಲ್ಲಿ ಎಷ್ಟು ಜಮಾ ಆಯಿತೋ ಅಷ್ಟೇ ಖರ್ಚು ಬಿದ್ದರೆ ಶಿಲ್ಕು ಮೊದಲಿನಷ್ಟೇ. ಬಟ್ಟೆ ಅಗಲವೂ ಆಗದು, ಸಣ್ಣದೂ ಆಗದು.

ನಮ್ಮ ಅಲೆಗೆ 18 ಕುಣಿಕೆ ಬೇಕು. ಅದರಲ್ಲಿ ಮೊದಲು ಮೂರು ಜೋಡಿ, ಅಂದರೆ 6 ಕುಣಿಕೆ ಕೂಡಿ 3 ಆಗುತ್ತವೆ. ನಡುವಿನ 6 ಕುಣಿಕೆಗಳಿಗೆ ಒಂದೊಂದರ ಮುಂಚೆ ಒಂದೊಂದು ಸುತ್ತು ಸೇರಿ 12 ಆಗುತ್ತವೆ. ಕೊನೆಯ 6 ಮತ್ತೆ ಕೂಡಿ 3. ಲೆಕ್ಕ ನೋಡಿ: 3 + 12 + 3 = 18. ಆರು ಜಮಾ, ಆರು ಖರ್ಚು. ಟ್ಯಾಲಿ!

ಪ್ರತಿ ನಾಲ್ಕು ಸಾಲಿಗೊಮ್ಮೆ ಕುಣಿಕೆ ಎಣಿಸುವುದು ನಮ್ಮ ಮನೆಯ ಕಟ್ಟಳೆ. ಒಮ್ಮೆ ಮೊಮ್ಮಗಳು ಹೆಣೆಯುವಾಗ 41 ಬಂತು. ಅವರಜ್ಜಿ ಕುಳಿತಲ್ಲಿಂದಲೇ ಬಟ್ಟೆಯ ಮೇಲೆ ಬೆರಳಾಡಿಸಿ, “ಇಲ್ಲೊಂದು ಕಿಂಡಿ ಬಿದ್ದಿಲ್ಲ ನೋಡವ್ವ” ಎಂದರು. ಬೆರಳು ಬಾಗಿದ್ದರೂ ಅದಕ್ಕೆ ತಿಳಿಯುತ್ತದೆ. ಕುಣಿಕೆ ಕಡಿಮೆ ಬಂದರೆ ಎಲ್ಲೋ ಸುತ್ತು ಬಿಟ್ಟಿದೆ, ಹೆಚ್ಚು ಬಂದರೆ ಎಲ್ಲೋ ಜೋಡಿ ಕೂಡಿಲ್ಲ. ಆ ಸಾಲನ್ನು ಬಿಚ್ಚಿ ಮತ್ತೆ ಹೆಣೆದರೆ ಆಯಿತು.

ಏನೇನು ಬೇಕು?

ನಾಲ್ಕೆಳೆಯ ಉಲ್ಲನ್ 50 ಗ್ರಾಂ. ಪೇಟೆಯಲ್ಲಿ ಸಿಗುವ ಉಲ್ಲನ್‌ನಲ್ಲಿ ಬಹಳಷ್ಟು ಪಂಜಾಬಿನ ಲೂಧಿಯಾನದ ಕಡೆಯದು. ಪೂರ್ತಿ ಉಣ್ಣೆ ಇರಬಹುದು, ಅಕ್ರಿಲಿಕ್ ಇರಬಹುದು, ಎರಡೂ ಬೆರೆತದ್ದು ಇರಬಹುದು. ಚೀಟಿ ನೋಡಿ ಕೊಳ್ಳಿ. ಮುದುಕರ ತೆಳು ಚರ್ಮಕ್ಕೆ ಚುಚ್ಚದ ಮೆತ್ತನೆಯದು ಬೇಕು. ಕೊಳ್ಳುವ ಮುಂಚೆ ಉಂಡೆಯನ್ನು ಕೊರಳಿಗೆ ಒತ್ತಿ ನೋಡಿ. ಅಲ್ಲಿ ಕಡಿಯದಿದ್ದರೆ ಕೈಗೂ ಕಡಿಯದು. ತಿಳಿಬಣ್ಣ ಒಳ್ಳೆಯದು. ಕಪ್ಪು ಉಲ್ಲನ್‌ನಲ್ಲಿ ಅಲೆ ಕಾಣುವುದಿಲ್ಲ, ನಮ್ಮ ವಯಸ್ಸಿನ ಕಣ್ಣಿಗೆ ಕುಣಿಕೆಯೂ ಕಾಣುವುದಿಲ್ಲ.

9 ನಂಬರಿನ ಎರಡು ಸೂಜಿ, ಅಂದರೆ 3.75 ಮಿ.ಮೀ. ದಪ್ಪದವು. ಹೊಲಿಯಲು ದೊಡ್ಡ ಕಣ್ಣಿನ ಮೊಂಡು ಸೂಜಿ ಒಂದು. ಒಂದು ಅಳತೆಪಟ್ಟಿ, ಕತ್ತರಿ. ಸೂಜಿಯ ಮೊನೆ ಚೂಪು. ತೊಟ್ಟಿಲ ಕೂಸು, ಅಂಬೆಗಾಲಿಡುವ ಕೂಸು ಇರುವ ಮನೆಯಲ್ಲಿ ಕೆಲಸ ಮುಗಿದ ಕೂಡಲೇ ಎತ್ತರದಲ್ಲಿಡಿ.

ನಾಲ್ಕು ಕೆಲಸ ಕಲಿತರೆ ಸಾಕು

ಸೀದಾ: ದಾರ ಹಿಂದೆ ಇರಬೇಕು. ಬಲಗೈ ಸೂಜಿಯನ್ನು ಎಡಸೂಜಿಯ ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ದಾರ ಸುತ್ತಿ, ಹೊಸ ಕುಣಿಕೆಯನ್ನು ಈಚೆಗೆ ಎಳೆದು, ಹಳೆಯದನ್ನು ಸೂಜಿಯಿಂದ ಜಾರಿಸಬೇಕು.

ಉಲ್ಟಾ: ದಾರ ಮುಂದೆ ಇರಬೇಕು. ಸೂಜಿಯನ್ನು ಹಿಂದಿನಿಂದ ಮುಂದಕ್ಕೆ ತೂರಿಸಿ, ದಾರ ಸುತ್ತಿ, ಹೊಸ ಕುಣಿಕೆಯನ್ನು ಆಚೆಗೆ ತಳ್ಳಿ, ಹಳೆಯದನ್ನು ಜಾರಿಸಬೇಕು.

ಜೋಡಿ: ಎರಡು ಕುಣಿಕೆಗಳೊಳಗೆ ಒಟ್ಟಿಗೆ ಸೂಜಿ ತೂರಿಸಿ ಒಂದೇ ಸೀದಾ ಹೆಣೆಯಬೇಕು.

ಸುತ್ತು: ದಾರವನ್ನು ಎರಡು ಸೂಜಿಗಳ ನಡುವಿನಿಂದ ಮುಂದೆ ತಂದು, ಹಿಂದಕ್ಕೆ ಒಯ್ಯದೆ ಹಾಗೆಯೇ ಮುಂದಿನ ಕುಣಿಕೆಯನ್ನು ಸೀದಾ ಹೆಣೆಯಬೇಕು. ದಾರ ಸೂಜಿಯ ಮೇಲಿಂದ ಹಾಯ್ದು ಹೊಸ ಕುಣಿಕೆಯಾಗಿ ಕೂಡುತ್ತದೆ. ಮುಂದಿನ ಸಾಲಿನಲ್ಲಿ ಅದನ್ನೂ ಒಂದು ಕುಣಿಕೆಯೆಂದೇ ಹೆಣೆದರೆ ಕೆಳಗೆ ತೂತು ಉಳಿಯುತ್ತದೆ.

ಕುಣಿಕೆ ಏರಿಸುವುದು, ಕೊನೆಯಲ್ಲಿ ಮುಚ್ಚುವುದು ಇವೆರಡನ್ನು ಕಣ್ಣಾರೆ ನೋಡಿ ಕಲಿಯುವುದೇ ಸುಲಭ. ಓಣಿಯಲ್ಲಿ ಹೆಣಿಗೆ ಬಲ್ಲ ಅಜ್ಜಿ ಒಬ್ಬರಾದರೂ ಇರುತ್ತಾರೆ. ಕೇಳಿದರೆ ಇಲ್ಲ ಎನ್ನುವುದಿಲ್ಲ.

ಹೆಣೆಯುವ ಬಗೆ

ದೊಡ್ಡ ಹೆಂಗಸಿನ ಕೈ ಅಳತೆಗೆ ಇದು. ಸೂಜಿಗೆ ಸಡಿಲಾಗಿ 42 ಕುಣಿಕೆ ಏರಿಸಿ.

ಮೊದಲು ಮಣಿಕಟ್ಟಿನ ಪಟ್ಟಿ. ಒಂದನೆಯ ಸಾಲು: 2 ಸೀದಾ, 2 ಉಲ್ಟಾ ಹೀಗೆ ಹೋಗಿ ಕೊನೆಗೆ 2 ಸೀದಾ. ಎರಡನೆಯ ಸಾಲು: 2 ಉಲ್ಟಾ, 2 ಸೀದಾ ಹೀಗೆ ಹೋಗಿ ಕೊನೆಗೆ 2 ಉಲ್ಟಾ. ಈ ಎರಡು ಸಾಲುಗಳನ್ನೇ ತಿರುತಿರುಗಿ ಒಟ್ಟು 14 ಸಾಲು ಹೆಣೆಯಿರಿ. ಸುಮಾರು 5 ಸೆಂ.ಮೀ. ಆಗುತ್ತದೆ. ಉಬ್ಬು ತಗ್ಗಿನ ಈ ಪಟ್ಟಿ ರಬ್ಬರಿನಂತೆ ಹಿಗ್ಗಿ ಕೂಡುತ್ತದೆ.

ಆಮೇಲೆ ಅಲೆ. ಇದಕ್ಕೆ ನಾಲ್ಕು ಸಾಲು.

1ನೆಯ ಸಾಲು: ಎಲ್ಲ ಸೀದಾ.

2ನೆಯ ಸಾಲು: ಎಲ್ಲ ಉಲ್ಟಾ.

3ನೆಯ ಸಾಲು: ಅಂಚಿಗೆ 3 ಸೀದಾ. ಈಗ ಅಲೆ: ಮೂರು ಸಲ ಜೋಡಿ, ಆರು ಸಲ ‘ಒಂದು ಸುತ್ತು, ಒಂದು ಸೀದಾ’, ಮತ್ತೆ ಮೂರು ಸಲ ಜೋಡಿ. ಈ ಅಲೆಯನ್ನು ಇನ್ನೊಮ್ಮೆ ಹೆಣೆಯಿರಿ. ಕೊನೆಗೆ ಅಂಚಿಗೆ 3 ಸೀದಾ.

4ನೆಯ ಸಾಲು: ಎಲ್ಲ ಸೀದಾ. ಹಿಂಬದಿಯಿಂದ ಸೀದಾ ಹೆಣೆಯುವುದರಿಂದ ಮುಂಬದಿಯಲ್ಲಿ ಒಂದು ಉಬ್ಬುಗೆರೆ ಏಳುತ್ತದೆ.

ಅಂಚಿನ 3, ಅಲೆಯ 18, ಅಲೆಯ 18, ಅಂಚಿನ 3 ಸೇರಿ 42. ಈ ನಾಲ್ಕು ಸಾಲುಗಳನ್ನು 8 ಸಲ ಹೆಣೆದರೆ 32 ಸಾಲು, ಸುಮಾರು 10 ಸೆಂ.ಮೀ. ಕೊನೆಗೆ ಮೊದಲಿನ ಪಟ್ಟಿಯಂತೆಯೇ 2 ಸೀದಾ, 2 ಉಲ್ಟಾ ಲೆಕ್ಕದಲ್ಲಿ 6 ಸಾಲು. ಆಮೇಲೆ ಸಡಿಲಾಗಿ ಮುಚ್ಚಿ. ಬಿಗಿಯಾಗಿ ಮುಚ್ಚಿದರೆ ಬಾಗಿದ ಬೆರಳು ಒಳಗೆ ಹೋಗಲಾರದು. ಇಂಥದ್ದೇ ಇನ್ನೊಂದು ಮಾಡಿ. ಎಡ ಬಲ ಎಂಬ ಭೇದವಿಲ್ಲ.

ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಗಾದರೆ 38 ಕುಣಿಕೆ ಏರಿಸಿ. ಅಂಚಿಗೆ ಮೂರರ ಬದಲು ಒಂದೊಂದೇ ಸೀದಾ. ಸೂಜಿಯನ್ನು 10 ನಂಬರಿನದು ತೆಗೆದುಕೊಳ್ಳಿ, ಅದು ಇದಕ್ಕಿಂತ ತೆಳು.

ಹೊಲಿಗೆ ಮತ್ತು ಹೆಬ್ಬೆರಳ ಕಿಂಡಿ

ಈಗ ನಿಮ್ಮ ಕೈಯಲ್ಲಿ ಸುಮಾರು 17 ಸೆಂ.ಮೀ. ಉದ್ದದ ತುಂಡು ಇದೆ. ಉದ್ದಕ್ಕೆ ನಡುವೆ ಮಡಚಿ, ಎರಡು ಅಂಚುಗಳನ್ನು ಕೂಡಿಸಿ. ಮಣಿಕಟ್ಟಿನ ಕಡೆಯಿಂದ 9 ಸೆಂ.ಮೀ. ಹೊಲಿಯಿರಿ. ಆಮೇಲೆ 5 ಸೆಂ.ಮೀ. ಹಾಗೆಯೇ ಬಿಡಿ. ಅದು ಹೆಬ್ಬೆರಳಿನ ಬಾಗಿಲು. ಉಳಿದ 3 ಸೆಂ.ಮೀ. ಹೊಲಿದುಬಿಡಿ. ಹೊಲಿಯುವ ಮುನ್ನ ಯಾರಿಗಾಗಿ ಹೆಣೆದಿರೋ ಅವರ ಕೈಗೆ ಸುತ್ತಿ ಕಿಂಡಿಯ ಜಾಗ ಗುರುತಿಸಿಕೊಳ್ಳಿ. ಹೆಬ್ಬೆರಳಿನ ಬುಡ ಊದಿದ್ದರೆ ಕಿಂಡಿ ಒಂದು ಸೆಂ.ಮೀ. ಹೆಚ್ಚಿರಲಿ.

ದಾರದ ತುದಿಗಳನ್ನು ಗಂಟು ಹಾಕದೆ, ಒಳಬದಿಯ ಕುಣಿಕೆಗಳಲ್ಲಿ ನಾಲ್ಕಾರು ಸಲ ತೂರಿಸಿ ಕತ್ತರಿಸಿ. ಒಳಗಿನ ಗಂಟು ನೋಯುವ ಕೀಲಿಗೆ ಕಲ್ಲಿನಂತೆ ಒತ್ತುತ್ತದೆ.

ಉಣ್ಣೆಯದಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. ತಿಕ್ಕಬೇಡಿ, ಹಿಂಡಬೇಡಿ. ತಿಕ್ಕಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗವಸು ಕುಗ್ಗುತ್ತದೆ. ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ಹೀರಿಸಿ, ಚಾಪೆಯ ಮೇಲೆ ಹಾಸಿ, ಅಲೆಗಳನ್ನು ಬೆರಳಿನಿಂದ ಬಿಡಿಸಿ ನೆರಳಿನಲ್ಲಿ ಒಣಗಿಸಿ. ಮುದುಡಿಕೊಂಡಿದ್ದ ತೂತುಗಳೆಲ್ಲ ಆಗ ಕಣ್ಣು ತೆರೆಯುತ್ತವೆ.

ಮಕ್ಕಳಿಗೊಂದು ಲೆಕ್ಕ: ಒಂದು ಗವಸಿಗೆ 14 + 32 + 6 ಸಾಲು, ಸಾಲಿಗೆ 42 ಕುಣಿಕೆ. ಹಾಗಾದರೆ ಒಂದು ಜೋಡಿಗೆ ಎಷ್ಟು ಕುಣಿಕೆ? ಎಷ್ಟು ತೂತು? ಬಾಯಲ್ಲೇ ಗುಣಿಸಿ ನೋಡಿ. ಉತ್ತರ: 4,368 ಕುಣಿಕೆ, 192 ತೂತು.

ತೂತು ಇದ್ದರೆ ಚಳಿ ಆಗುವುದಿಲ್ಲವೇ?

ಮೊಮ್ಮಗಳ ಪ್ರಶ್ನೆಯೂ ಇದೇ: “ಅಜ್ಜಾ, ಇಷ್ಟ ತೂತಿದ್ರ ಗಾಳಿ ಒಳಗ ಬರಂಗಿಲ್ಲೇನು?” ಕೇಳಬೇಕಾದ ಮಾತೇ.

ಉಲ್ಲನ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ನಮ್ಮ ಮೈಯ ಬಿಸಿಯನ್ನೇ ಹೊರಗೆ ಹೋಗಗೊಡದೆ ಹಿಡಿದಿಡುತ್ತದೆ. ಹಿಡಿದಿಡುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಉಣ್ಣೆಯ ಎಳೆ ಗುಂಗುರುಗುಂಗುರಾಗಿರುವುದರಿಂದ ಅದರಲ್ಲಿ ಗಾಳಿ ಹೆಚ್ಚು ನಿಲ್ಲುತ್ತದೆ. ತನ್ನ ತೂಕದ ಶೇ. 30ರ ಹತ್ತಿರದಷ್ಟು ತೇವವನ್ನು ಹೀರಿಕೊಂಡರೂ ಅದು ಒದ್ದೆಯೆನಿಸುವುದಿಲ್ಲ. ಮಣಿಕಟ್ಟಿನಲ್ಲಿ ರಕ್ತನಾಳಗಳು ಚರ್ಮದ ಹತ್ತಿರವೇ ಹರಿಯುತ್ತವೆ. ವೈದ್ಯರು ನಾಡಿ ಹಿಡಿಯುವುದು ಅಲ್ಲಿಯೇ ಅಲ್ಲವೇ? ಆ ಜಾಗಕ್ಕೆ ತೂತಿಲ್ಲದ ಪಟ್ಟಿ ಹೆಣೆದಿರುವುದು ಅದಕ್ಕೇ. ಅಲ್ಲಿ ಬೆಚ್ಚಗಿದ್ದರೆ ಬೆರಳಿಗೆ ಹೋಗುವ ರಕ್ತವೂ ಬೆಚ್ಚಗೆ ಹೋಗುತ್ತದೆ.

ಮನೆಯೊಳಗೆ, ಕಟ್ಟೆಯ ಮೇಲೆ, ಶಾಲೆಯ ಬೆಂಚಿನ ಮೇಲೆ ಕೂಡುವವರಿಗೆ ಜಾಲರಿ ಗವಸು ಚೆನ್ನ. ಹಗುರ, ಬೆವರು ನಿಲ್ಲದು, ಬಿಸಿಲೇರಿದರೂ ತೆಗೆಯಬೇಕೆನಿಸದು. ಆದರೆ ಮೋಟಾರ್ ಸೈಕಲ್ ಓಡಿಸುವವರಿಗೆ ಇದು ಆಗದು, ಎದುರುಗಾಳಿ ತೂರಿಬರುತ್ತದೆ. ಅವರಿಗೆ ತೂತಿಲ್ಲದ ಗಟ್ಟಿ ಹೆಣಿಗೆಯೇ ಸರಿ. ಒಲೆಯ ಮುಂದೆ ಕೂಡುವವರು ಗವಸು ತೆಗೆದಿಡಲೇಬೇಕು. ಅಕ್ರಿಲಿಕ್ ದಾರ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಗವಸು ಕೀಲುಬೇನೆಗೆ ಔಷಧವಲ್ಲ ಎಂಬುದನ್ನೂ ಹೇಳಿಬಿಡಬೇಕು. ನಮ್ಮ ಮನೆಯವರ ಬಾಗಿದ ಬೆರಳು ಬಾಗಿದಂತೆಯೇ ಇದೆ. ಮಾತ್ರೆ ನಿಲ್ಲಿಸಿಲ್ಲ, ನಿಲ್ಲಿಸುವಂತೆಯೂ ಇಲ್ಲ. ಆದರೆ ಬೆಚ್ಚಗಿದ್ದ ಕೀಲು ಬೇಗ ಸಡಿಲಾಗುತ್ತದೆ. ಹಿಂದೆ ಒಂಬತ್ತರವರೆಗೆ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದವರು ಈಗ ಎಂಟಕ್ಕೆಲ್ಲ ಬೆಳ್ಳುಳ್ಳಿ ಸುಲಿಯಲು ಕೂಡುತ್ತಾರೆ. ರೊಟ್ಟಿ ಬಡಿಯುವುದಕ್ಕೆ ಮಾತ್ರ ಆಗುವುದಿಲ್ಲ. ಅದನ್ನೂ ನನಗೇ ಕಲಿಸುವೆನೆಂದು ಹೇಳಿದ್ದಾರೆ.

ಬರೆದಿಡಿ

ನಮ್ಮ ಮೊಮ್ಮಗಳ ನೋಟುಬುಕ್ಕಿನಲ್ಲಿ ಈಗ ಆರು ವಿನ್ಯಾಸಗಳಿವೆ. ಅಲೆ, ಜೋಳದ ತೆನೆ, ಬೇವಿನ ಎಲೆ, ಇನ್ನೂ ಮೂರು. ಹೆಸರುಗಳೆಲ್ಲ ಅವರಜ್ಜಿ ಇಟ್ಟವೇ. ಒಂದೊಂದರ ಕೆಳಗೂ ಕುಣಿಕೆಯ ಲೆಕ್ಕ, ಪಕ್ಕದಲ್ಲಿ ಅಂಗೈಯಗಲದ ಹೆಣಿಗೆಯ ತುಂಡು. ಬರೆದದ್ದು ಸರಿಯೋ ಎಂದು ತಿಳಿಯಲು ನಮ್ಮದೊಂದು ಪರೀಕ್ಷೆಯಿದೆ. ಅಜ್ಜಿ ಬಾಯಿ ಬಿಡಬಾರದು, ನಾನು ಬರೀ ಓದಿ ಹೆಣೆಯಬೇಕು. ಹೆಣೆದದ್ದನ್ನು ಅವರು ಮುಟ್ಟಿ ನೋಡಿ ‘ಹೂಂ’ ಎಂದರೆ ಆ ಪುಟ ಪಾಸು.

ಎಲ್ಲರ ಮನೆಯಲ್ಲೂ ಹೆಣಿಗೆಯೇ ಇರಬೇಕೆಂದಿಲ್ಲ. ಒಬ್ಬರಿಗೆ ಕಸೂತಿ ಗೊತ್ತು, ಒಬ್ಬರಿಗೆ ಕೌದಿ ಹೊಲಿಯುವುದು ಗೊತ್ತು, ಒಬ್ಬರಿಗೆ ಹಗ್ಗ ಹೊಸೆಯುವುದು ಗೊತ್ತು. ಹಿರಿಯರೇ, ‘ಇದೇನು ದೊಡ್ಡ ವಿದ್ಯೆ’ ಎಂದು ತಳ್ಳಿಹಾಕಬೇಡಿ. ಮಕ್ಕಳೇ, ಈ ಭಾನುವಾರ ಒಂದು ನೋಟುಬುಕ್ಕು ಹಿಡಿದು ಅವರ ಪಕ್ಕದಲ್ಲಿ ಕೂಡಿ. ಕೈ ನಡೆಯುತ್ತಿರುವಾಗಲೇ ಕೇಳಿ, ಕೇಳಿದ್ದನ್ನು ಮಾಡಿ ನೋಡಿ, ಆಮೇಲೆ ಬರೆಯಿರಿ. ಉಲ್ಲನ್ ತರುವುದಾದರೆ ತಿಳಿಬಣ್ಣದ್ದೇ ತನ್ನಿ, ಒಂದು ಉಂಡೆ ಹೆಚ್ಚಿಗೇ ಇರಲಿ. ಒಂದು ಜೋಡಿ ಮುಗಿಯುವುದರೊಳಗೆ ಇನ್ನೊಬ್ಬರು ಕೈ ಚಾಚಿಯೇ ಇರುತ್ತಾರೆ.